ಇಪ್ಪತ್ತನೇ ನಂಬರಿನ ಎಣ್ಣೆ

ಏಕೀಕರಣಕ್ಕೆ ಇನ್ನೊಂದು ವರ್ಷವಿತ್ತು. ಲಕ್ಷ್ಮೇಶ್ವರದ ಹತ್ತಿ ವ್ಯಾಪಾರಿಯೊಬ್ಬರ ಹಳೆಯ ಕಾರಿಗೆ ನಾನು ಡ್ರೈವರ್. ಮ್ಯಾಟ್ರಿಕ್ ಪಾಸಾದ ಡ್ರೈವರ್ ಎಂದು ಸಾವುಕಾರರು ಬಂದವರಿಗೆಲ್ಲ ನನ್ನನ್ನು ತೋರಿಸುತ್ತಿದ್ದರು. ಇಂಜಿನ್ ಎಣ್ಣೆ ಇಪ್ಪತ್ತನೇ ನಂಬರಿನದೋ ನಲವತ್ತನೆಯದೋ ಎಂದು ಅಂಗಡಿಯವನು ಕೇಳಿದಾಗ, ಆ ಹೆಮ್ಮೆಯಲ್ಲಿ ಯಾರನ್ನೂ ವಿಚಾರಿಸದೆ ಎರಡೂ ಡಬ್ಬಿಯ ಮುಚ್ಚಳ ತೆಗೆಸಿ ನೋಡಿದೆ. ನಮ್ಮದು ಗಾಣದ ಮನೆ. ತೆಳ್ಳಗೆ, ತಿಳಿಯಾಗಿದ್ದರೆ ಒಳ್ಳೆಯ ಕುಸುಬಿ ಎಣ್ಣೆ. ಮಂದವಾಗಿದ್ದರೆ ತಳದ ಗಸಿ. ನನಗೆ ಗೊತ್ತಿದ್ದ ಶಾಸ್ತ್ರ ಅಷ್ಟೇ. ತೆಳ್ಳಗಿದ್ದ ಇಪ್ಪತ್ತನ್ನೇ ತಂದು ಸುರಿದೆ.

ಕಾರು ಅದನ್ನು ಮಜ್ಜಿಗೆಯಂತೆ ಕುಡಿಯಿತು. ಹಿಂದೆ ನೀಲಿ ಹೊಗೆ. ಶಿರಹಟ್ಟಿಗೆ ನಾಲ್ಕು ಸಲ ಹೋಗಿ ಬರುವಷ್ಟರಲ್ಲಿ ಇಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿಯ ತುದಿಯಷ್ಟೇ ಒದ್ದೆ.

“ಇಷ್ಟು ಎಣ್ಣಿ ಎಲ್ಲಿ ಹೊಂಟೈತಿ?” ಎಂದರು ಸಾವುಕಾರರು.

ನಾನು ಅಳತೆ ಕಡ್ಡಿ ಒರೆಸತೊಡಗಿದೆ. ಅವರ ಕಣ್ಣು ಅಂಗಳದಲ್ಲಿದ್ದ ಎತ್ತಿನ ಗಾಡಿಯ ಮೇಲೆ ಬಿತ್ತು. ಹತ್ತಿ ಹೇರುವ ಆ ಗಾಡಿಯ ಗಾಲಿಗಳು ಸದ್ದೇ ಮಾಡುತ್ತಿರಲಿಲ್ಲ. ಅದನ್ನು ಹೊಡೆಯುತ್ತಿದ್ದ ಮುದುಕನನ್ನು ನಾನು ಕಾಕಾ ಎನ್ನುತ್ತಿದ್ದೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ ಅಚ್ಚಿಗೆ ತಾನೇ ಹಚ್ಚುತ್ತಿದ್ದ.

“ನಿನ್ನ ಗಾಲಿ ಯಾಕಲೇ ಸಪ್ಪಳಾ ಮಾಡಂಗಿಲ್ಲ?”

“ಕೀಲೆಣ್ಣಿ ಹಚ್ಚತೀನ್ರಿ ಯಪ್ಪಾ.”

“ಯಾರ ಎಣ್ಣಿ?”

ಕಾಕಾ ಎತ್ತು ಹೂಡಿ ಹೊರಟುಬಿಟ್ಟ. ಅಂದಿನಿಂದ ಅಚ್ಚಿಗೆ ಒಂದು ಹನಿಯನ್ನೂ ಮುಟ್ಟಿಸಲಿಲ್ಲ, ಕಾರಿನ ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ತಾನು ಕಳ್ಳನಲ್ಲ ಎಂದು ಬಜಾರಿನುದ್ದಕ್ಕೂ ಗಾಡಿಯಿಂದಲೇ ಕಿರುಚಿಸಿದ. ತೊಟ್ಟಿಲ ಕೂಸುಗಳು ಎದ್ದು ಅಳುತ್ತಿದ್ದವು.

ಅಷ್ಟರಲ್ಲಿ ಗದಗಿನ ಮೋಟಾರು ಮಿಸ್ತ್ರಿಯೊಬ್ಬ ಹೊಗೆ ನೋಡಿ ನಕ್ಕ. “ಇಂಜಿನ್ ಸವದೈತ್ರಿ. ಮಂದನ್ನ ಎಣ್ಣಿ ಬೇಕು. ಇದನ್ನ ಒಗ್ಗರಣಿಗೆ ಹಾಕ್ರಿ.”

ಗುಟ್ಟಾಗಿ ನಲವತ್ತು ಹಾಕಿದೆ. ಎಣ್ಣೆ ಕಡ್ಡಿಯ ಗುರುತಿನಲ್ಲೇ ನಿಂತಿತು.

“ನೋಡು, ಮುದುಕ ಶೆಡ್ಡಿಗೆ ಬರೂದು ಬಿಟ್ಟ, ಎಣ್ಣಿ ಉಳೀತು,” ಎಂದರು ಸಾವುಕಾರರು. ನಾನು ಹೌದೆಂದು ತಲೆಯಾಡಿಸಿದೆ. ನನ್ನ ಪಾಪ ಆ ತಲೆಯಾಡಿಸಿದ್ದು.

ಏಕೀಕರಣದ ದಿನ ಸಾವುಕಾರರು ಭಾಷಣಕ್ಕೆ ನಿಂತಾಗಲೇ ಗಾಡಿ ಕಿರುಚುತ್ತ ಪಕ್ಕದಲ್ಲಿ ಹಾದು ಬಂತು. ಕನ್ನಡಾಂಬೆಯ ಹೆಸರೂ ಯಾರಿಗೂ ಕೇಳಿಸಲಿಲ್ಲ.

“ಗಾಲಿಗೆ ಎಣ್ಣಿ ಹಚ್ಚಲೇ!” ಎಂದು ಸಾವುಕಾರರು ಕೂಗಿದರು.

“ಹಚ್ಚಿದ್ರ ಕಳ್ಳ ಅಂತೀರಿ, ಬಿಟ್ರ ಭಾಷಣಾ ಕೆಡತೈತಿ ಅಂತೀರಿ. ಯಾವ್ದರ ಒಂದು ಹೇಳ್ರಿ!”

ಜನ ನಕ್ಕರು. ನಾನು ಓಡಿಹೋಗಿ ಉಳಿದಿದ್ದ ಇಪ್ಪತ್ತನೇ ನಂಬರಿನ ಡಬ್ಬಿ ತಂದು ಅಚ್ಚಿಗೆ ಸುರಿದೆ. ಕಾಕಾ ಡಬ್ಬಿ ನೋಡಿದ, ನನ್ನ ಮುಖ ನೋಡಿದ.

“ನನಗ ಆಗಲೇ ತಿಳದಿತ್ತು ತಮ್ಮಾ. ನಿನ್ನ ಕಾರು ಹಾದಾಗೆಲ್ಲಾ ಆ ಎಣ್ಣಿ ಹೊಗಿಗೆ ನನ್ನ ಎತ್ತು ಸೀನತಿದ್ದುವು. ಈಗ ಡಬ್ಬಿ ಬ್ಯಾಡ, ಬಾಯಿ ತಗಿ.”

ಸಾವುಕಾರರು ಹತ್ತು ಹೆಜ್ಜೆ ಆಚೆ ಇದ್ದರು. ನಾನು ಬಾಯಿ ತೆಗೆಯಲಿಲ್ಲ. ಆ ತೆಳ್ಳನೆಯ ಎಣ್ಣೆ ಅಚ್ಚಿನಲ್ಲೂ ನಿಲ್ಲಲಿಲ್ಲ. ಮರುದಿನ ಗಾಡಿ ಮತ್ತೆ ಕಿರುಚಿತು.

ಈಗ ಅವರಿಬ್ಬರೂ ಇಲ್ಲ. ಕಾಕಾನ ಮೊಮ್ಮಕ್ಕಳು ಲಕ್ಷ್ಮೇಶ್ವರದಲ್ಲಿದ್ದಾರೆ. ಅವರು ಓದಲೆಂದು ಬರೆಯುತ್ತಿದ್ದೇನೆ: ನಿಮ್ಮ ಅಜ್ಜ ಒಂದು ಹನಿಯನ್ನೂ ಕದಿಯಲಿಲ್ಲ. ಕಾರು ಕುಡಿಯಿತು, ಕುಡಿಸಿದವನು ನಾನು.