ಮಳೆಗಾಲವಿಲ್ಲದ ನಕಾಶೆ

ಅತ್ತೆಯ ಎಡಗಣ್ಣಿನ ರೆಪ್ಪೆ ಯಾವಾಗಲೂ ಅರ್ಧ ಇಳಿದಿರುತ್ತಿತ್ತು. ಚಿಕ್ಕವರಿದ್ದಾಗ ಕಂಪ್ಲಿಯ ನಮ್ಮ ಅಕ್ಕಿ ಗಿರಣಿಯಲ್ಲಿ ಭತ್ತ ಬೇಯಿಸುವ ಹಬೆ ತಾಗಿ ಹಾಗಾಗಿತ್ತಂತೆ. ಕಂಪ್ಯೂಟರಿನ ಮುಂದೆ ಕೂತರೆ ಇನ್ನೊಂದು ಕಣ್ಣನ್ನೂ ಅಷ್ಟೇ ಕಿರಿದು ಮಾಡಿಕೊಳ್ಳುತ್ತಿದ್ದರು. ಹೊಸಪೇಟೆಯ ಬೇಸಿಗೆಯಲ್ಲಿ ಆ ಕೋಣೆಯ ಒಂದೇ ಫ್ಯಾನಿನ ಮುಖ ಅವರ ಕಡೆಗಲ್ಲ, ಯಂತ್ರದ ಕಡೆಗಿರುತ್ತಿತ್ತು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದರೂ ಒರೆಸಿಕೊಳ್ಳುತ್ತಿರಲಿಲ್ಲ.

ಅಪ್ಪನ ಅಕ್ಕ ಅವರು. ಕರಾವಳಿಯ ಕಾಲೇಜೊಂದರಲ್ಲಿ ಪಾಠ ಹೇಳಿ, ಬೇಗ ನಿವೃತ್ತಿ ಪಡೆದು ಊರಿಗೆ ಬಂದಿದ್ದರು. ಹಡಗಿನಿಂದ ಕಡಲಿಗೆ ಎಣ್ಣೆ ಚೆಲ್ಲಿದರೆ ಅದು ಎತ್ತ ಹೋಗುತ್ತದೆ, ಏನಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಕೊಡುವುದು ಅವರ ಕೆಲಸ. ಕಡಲೇ ಇಲ್ಲದ ಊರಿನಲ್ಲಿ ಇದೊಂದು ತಮಾಷೆ. ಎದುರುಮನೆಯಾಕೆ ಕಸ ಗುಡಿಸುತ್ತಲೇ ಕೇಳುತ್ತಿದ್ದರು: "ಏನ್ರಿ ಅಕ್ಕಾರ, ಇವತ್ತು ಸಮುದ್ರ ಹೆಂಗೈತಿ?"

"ಭಾಳ ಸಿಟ್ಟಿಗೆದ್ದೈತ್ರಿ, ನಿಮ್ಮತ್ತಿ ಹಂಗ."

ಎಂ.ಎಸ್ಸಿ. ಮುಗಿಸಿ ನಾನು ಅವರ ಬಳಿ ಕಲಿಯಲು ಕೂತೆ. ಚೆಲ್ಲಿದ ಎಣ್ಣೆ ಪರದೆಯ ಮೇಲೆ ಸಾವಿರಾರು ಚುಕ್ಕೆಗಳಾಗುತ್ತದೆ. ಒಂದೊಂದನ್ನೂ ನೀರಿನ ಸೆಳೆತ ಒಯ್ಯುತ್ತದೆ, ಗಾಳಿ ತುಸು ತಳ್ಳುತ್ತದೆ, ಕೆಲವು ಆವಿಯಾಗುತ್ತವೆ. ಚುಕ್ಕೆಗಳು ಕಡಿಮೆಯಾದದ್ದು ಕಂಡು "ಎಣ್ಣಿ ಹೋತಲ್ಲ ಅತ್ತಿ" ಎಂದೆ.

"ಎಲ್ಲಿ ಹೋಗ್ತೈತಿ? ಉಳಿದದ್ದು ನೀರು ಕುಡದು ಉಬ್ಬತೈತಿ. ಕಲಸಿದ ಹಿಟ್ಟಿನಂಗ ಗಟ್ಟಿ ಆಗಿ ದಂಡಿಗೆ ಬರ್ತೈತಿ. ಚುಕ್ಕಿ ನೋಡಬ್ಯಾಡ, ದಂಡಿ ನೋಡು."

ಕರಾವಳಿಯ ಅಳಿವೆಯೊಂದರ ಹತ್ತಿರ ಹಡಗು ತಂಗುವ ಜೆಟ್ಟಿ ಕಟ್ಟುವುದಿತ್ತು. ಅದರ ಪರಿಸರ ವರದಿ ತಯಾರಿಸುತ್ತಿದ್ದ ಸಂಸ್ಥೆ ಎಣ್ಣೆಯ ಭಾಗವನ್ನು ಅತ್ತೆಗೆ ವಹಿಸಿತು. ಚಳಿಗಾಲದ ಗಾಳಿಗೆ ಎಣ್ಣೆ ದಡ ಮುಟ್ಟದೆ ಆಳ ಕಡಲಿಗೆ ಸರಿಯುತ್ತಿತ್ತು. ಮಳೆಗಾಲದ ಗಾಳಿಗೆ ನೇರ ಅಳಿವೆಯೊಳಕ್ಕೆ, ಹೆಂಗಸರು ಬಳಚು ಎಂಬ ಚಿಪ್ಪಿ ಆರಿಸಿ ಬದುಕುವ ಕೆಸರಿಗೆ ನುಗ್ಗುತ್ತಿತ್ತು. ಅತ್ತೆ ಎರಡು ನಕಾಶೆಗಳನ್ನೂ ಕಳಿಸಿದರು. ಸಂಸ್ಥೆಯ ಅಧಿಕಾರಿ ಕಾರು ಮಾಡಿಕೊಂಡು ಬಂದ.

"ಮೇಡಂ, ಚಳಿಗಾಲದ್ದು ಸಾಕು. ಮಳೆಗಾಲದ್ದು ಬೇಡ."

"ಯಾಕ್ರಿ, ಮಳಿಗಾಲದಾಗ ಹಡಗಿಗೆ ತೂತು ಬೀಳಂಗಿಲ್ಲೇನು?"

ಆತ ನಕ್ಕ. "ಹೊಸಪೇಟೆಯಲ್ಲಿ ಕೂತು ನೀವ್ಯಾಕೆ ಸಮುದ್ರದ ಚಿಂತೆ ಮಾಡ್ತೀರಿ?"

"ಆ ಹೆಣ್ಮಕ್ಕಳು ಬರೇ ಜನವರ್ಯಾಗ ಉಣ್ತಾರೇನ್ರಿ? ಹಾಕಿದರ ಎರಡೂ ಹಾಕ್ರಿ. ಇಲ್ಲಾಂದ್ರ ಎದ್ದು ಹೋಗ್ರಿ."

ನಮ್ಮ ಮನೆಯ ಒಗ್ಗರಣೆ ಮಂಡಕ್ಕಿ, ಮಿರ್ಚಿ ಮುಗಿಸಿಯೇ ಆತ ಎದ್ದ. ಅಚ್ಚಾದ ವರದಿಯಲ್ಲಿ ಚಳಿಗಾಲದ ನಕಾಶೆ ಮಾತ್ರ ಇತ್ತು. ಕೆಳಗೆ ಅತ್ತೆಯ ಹೆಸರು.

ಸುಳ್ಳು ಬರೆಯಿರಿ ಎಂದು ಅವರು ಒಮ್ಮೆಯೂ ಕೇಳಲಿಲ್ಲ. ತಮಗೆ ಬೇಕಾದ ಗಾಳಿಯನ್ನು ಆರಿಸಿಕೊಂಡರು, ಅಷ್ಟೇ. ಆ ನಕಾಶೆಯಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಇದಕ್ಕಿಂತ ನೀಚ ಮೋಸವನ್ನು ನಾನು ಕಂಡಿಲ್ಲ.

ಜೆಟ್ಟಿಯ ಬಗ್ಗೆ ಜನರ ಅಹವಾಲು ಕೇಳುವ ಸಭೆಗೆ ಅತ್ತೆ ಬಸ್ಸು ಹತ್ತಿ ಹೋದರು, ನಾನೂ ಜೊತೆಗಿದ್ದೆ. ಮಳೆಗಾಲದ ನಕಾಶೆ ಬಿಡಿಸಿ ಹಿಡಿದದ್ದೇ ತಡ, ವೇದಿಕೆಯ ಮೇಲಿದ್ದವರು "ವರದಿಯಲ್ಲಿ ಇಲ್ಲದ್ದನ್ನು ಮಾತಾಡುವ ಹಾಗಿಲ್ಲ, ಕೂತ್ಕೊಳ್ಳಿ" ಎಂದರು. ಅತ್ತೆ ನಿಂತೇ ಇದ್ದರು. ವೇದಿಕೆಯವರು ಅವರ ಮೈಕು ಕಿತ್ತುಕೊಂಡರು. ಹೊರಗೆ ಬಳಚು ಆರಿಸುವ ಹೆಂಗಸೊಬ್ಬಳು ವರದಿ ಹಿಡಿದು ಅಡ್ಡ ನಿಂತಳು.

"ಇದ್ರಲ್ಲಿ ನಿಮ್ದೇ ಹೆಸ್ರು ಉಂಟಲ್ಲ. ಈಗ ಬಂದು ಕೂಗೂದು ಎಂತಕ್ಕೆ?"

ಅತ್ತೆ ಮಳೆಗಾಲದ ನಕಾಶೆಯ ಹಿಂದೆ ತಮ್ಮ ಫೋನ್ ನಂಬರು ಬರೆದು ಆಕೆಯ ಕೈಗಿಟ್ಟರು. ಮರಳುವ ಬಸ್ಸಿನಲ್ಲಿ "ಆಕಿ ಬೈದದ್ದು ಖರೇ ಐತಿ" ಎಂದರು. ಆಮೇಲೆ ಯಾವ ಸಂಸ್ಥೆಯೂ ಅವರಿಗೆ ಕೆಲಸ ಕೊಡಲಿಲ್ಲ. ಜೆಟ್ಟಿ ಎದ್ದಿತು. ಒಂದು ಬೇಸಿಗೆಯಲ್ಲಿ ಅತ್ತೆ ಎದೆನೋವಿನಿಂದ ತೀರಿಕೊಂಡರು.

ಮುಂದಿನ ಮಳೆಗಾಲದಲ್ಲೇ ಆ ಜೆಟ್ಟಿಯ ಹತ್ತಿರ ಹಡಗೊಂದು ನೆಲಕಚ್ಚಿ ಎಣ್ಣೆ ಸೋರಿತು. ನಮ್ಮನೆ ಮಂಡಕ್ಕಿ ತಿಂದಿದ್ದ ಅದೇ ಮನುಷ್ಯ ಟಿವಿಯಲ್ಲಿ ಕೂತು "ಇದು ಅನಿರೀಕ್ಷಿತ" ಎಂದ. ಅತ್ತೆಯ ಫೋನು ಆಗ ನನ್ನ ಬಳಿ ಇತ್ತು. ಅದು ರಿಂಗಾಯಿತು.

"ಆ ಅಮ್ಮ ಇದ್ದಾರಾ? ಎಣ್ಣೆ ಯಾವ ಬದಿಗೆ ಬರ್ತದೆ ಅಂತ ಕೇಳ್ಬೇಕಿತ್ತು." ಅಂದು ಅಡ್ಡ ನಿಂತಿದ್ದವಳೇ.

ಅತ್ತೆ ಇಲ್ಲ ಎಂದೆ. ಆಕೆ "ನಿಮ್ಗೆ ಬರೂದಿಲ್ವಾ?" ಎಂದಳು.

ಹಳೆಯ ನಕಾಶೆ ನಂಬಿ ಹೇಳುವಂತಿರಲಿಲ್ಲ. ಆ ದಿನದ ಗಾಳಿ, ಆ ದಿನದ ಉಬ್ಬರವಿಳಿತ ಹಾಕಿ ಹೊಸದಾಗಿ ಲೆಕ್ಕ ಮಾಡಿ, ಅಳಿವೆಯ ಬಡಗಣ ಕವಲಿಗೆ ಮೊದಲು ಬರುತ್ತದೆ ಎಂದು ಹೇಳಿದೆ. ಅವರೆಲ್ಲ ಸೇರಿ ಹುಲ್ಲಿನ ಕಂತೆ, ಹರಿದ ಬಲೆ ಕಟ್ಟಿ ಆ ಕವಲಿನ ಬಾಯಿ ಮುಚ್ಚಿದರು. ಅದೊಂದು ಉಳಿಯಿತು. ಬೇರೆ ಕಡೆಯ ಬಳಚೆಲ್ಲ ಎಣ್ಣೆಯಡಿ ಸತ್ತಿತು.

ಮಳೆಗಾಲದ ನಕಾಶೆ ನೋಡಿ ಮೊದಲೇ ಸಿದ್ಧರಾಗಿದ್ದರೆ ಅದನ್ನೂ ಉಳಿಸಬಹುದಿತ್ತು. ಅತ್ತೆ ಅಷ್ಟು ದೂರ ಬಸ್ಸಿನಲ್ಲಿ ಹೋದದ್ದು ಅದಕ್ಕೇ. ಅವರ ಕೈಯಿಂದ ಮೈಕು ಕಿತ್ತುಕೊಂಡವರನ್ನು ನಾನು ಕ್ಷಮಿಸುವುದಿಲ್ಲ.