ಎಂಟು ಬಿದ್ದ ದಿನ

ಡ್ರೈವರ್ ಕಾರಿನ ಬಾಗಿಲು ತೆಗೆದು ಕಾಯುತ್ತಿದ್ದ. ಅಪ್ಪ ಮಂಚ ಬಿಟ್ಟು ಏಳಲಿಲ್ಲ. ಹೃದಯದ ರಕ್ತನಾಳ ಕಟ್ಟಿಕೊಂಡಂತಿದೆ, ತಡ ಮಾಡದೆ ದಾವಣಗೆರೆಗೆ ಕರೆದೊಯ್ದು ಆಪರೇಷನ್ ಮಾಡಿಸಿರಿ ಎಂದು ಕೊಟ್ಟೂರಿನ ಡಾಕ್ಟರು ಇಸಿಜಿ ನೋಡಿದ ಕೂಡಲೇ ಹೇಳಿದ್ದರು. ಅಪ್ಪ ಮಾತ್ರ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

“ಇವತ್ತು ಹದಿನೇಳು. ಒಂದು, ಏಳು ಕೂಡಿದ್ರ ಎಂಟು. ನಾಳಿ ಒಂಬತ್ತು ಬೀಳತೈತಿ. ನಾಳಿನ ಹೋಗಾಣು.”

ಬಟ್ಟೆ ಅಂಗಡಿಯನ್ನು ನನ್ನ ತಮ್ಮನ ಕೈಗೆ ಬಿಟ್ಟ ಮೇಲೆ ಅವರಿಗೆ ಈ ಹುಚ್ಚು ಹತ್ತಿತ್ತು. ಮೊಬೈಲಿಗೆ ಗಡ್ಡದ ಮುದುಕನ ಚಿತ್ರ ಬರುತ್ತಿತ್ತು, ಕೆಳಗೊಂದು ಮಾತು. ಎಂಟರ ದಿನ ಆಪರೇಷನ್ ಮಾಡಿಸಬಾರದು, ಒಂಬತ್ತರ ದಿನ ಕೈ ಹಾಕಿದ್ದು ಕೆಡುವುದಿಲ್ಲ ಎಂದು ಲಂಬಕೋನ ತ್ರಿಭುಜದ ಪ್ರಮೇಯಕ್ಕೆ ಹೆಸರಾದ ಗ್ರೀಕ್ ಜ್ಞಾನಿ ಹೇಳಿದ್ದನಂತೆ, ಅದೂ ಅಚ್ಚ ಕನ್ನಡದಲ್ಲಿ. ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ ಅದೇ ಪ್ರಮೇಯ ಕಲಿಸಿ ಹೊಟ್ಟೆ ಹೊರೆಯುವ ಮಗಳು ನಾನು, ಇದನ್ನೆಲ್ಲ ನಗಾಡಿ ಬಿಡುತ್ತಿದ್ದೆ. ಅವತ್ತು ನಗು ಬರಲಿಲ್ಲ.

“ಅವನು ಹೇಳಿಲ್ಲಪ್ಪ. ಅವನ ಕೈಯಾಗ ಬರದದ್ದು ಒಂದು ಸಾಲೂ ಉಳಿದಿಲ್ಲ. ಯಾರೋ ತಮಗ ತಿಳಿದದ್ದು ಬರದು ಅವನ ತಲಿಗೆ ಕಟ್ಯಾರ.”

“ಸಾಲು ಉಳಿದಿಲ್ಲ ಅಂದ್ರ, ಹೇಳಿಲ್ಲ ಅಂತ ನಿನಗ ಹೆಂಗ ಗೊತ್ತು?”

ತರಗತಿಯಲ್ಲಿ ಯಾವುದಾದರೂ ಮಗು ಹೀಗೆ ಕೇಳಿದ್ದರೆ ಭೇಷ್ ಅನ್ನುತ್ತಿದ್ದೆ. ಅಪ್ಪನ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದಿತ್ತು. ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದ ಅವ್ವ, “ವಾದ ಮಾಡೋ ಹೊತ್ತೇನ ಇದು?” ಎಂದು ನನ್ನನ್ನೇ ಗದರಿದಳು. ನನಗೆ ಸಿಟ್ಟು ನೆತ್ತಿಗೇರಿತು.

“ನಾಳಿಮಟ ನಿನ್ನ ಎದಿ ತಡಿಲಿಲ್ಲಂದ್ರ ಆ ಗಡ್ಡದಾವ ಬರ್ತಾನೇನು?”

ಅಪ್ಪ ಮುಖ ಆಚೆ ತಿರುಗಿಸಿದರು.

“ಹೆದರಿಕಿ ಆಗತೈತವ್ವ,” ಅಂದರು. “ನಾಳಿ ಮಾಡಿಸಿದ್ರ ಏನೂ ಆಗಂಗಿಲ್ಲ ಅಂತ ಅವನರ ಹೇಳ್ಯಾನ. ಡಾಕ್ಟರು ಹೇಳಲಿಲ್ಲ. ನೀನೂ ಹೇಳವಲ್ಲಿ.”

ಅಲ್ಲಿಯವರೆಗೆ ನನಗೆ ಅವರ ಮೊಂಡುತನ ಕಂಡಿತ್ತೇ ಹೊರತು ಭಯ ಕಂಡಿರಲಿಲ್ಲ. ಪಕ್ಕದಲ್ಲಿ ಕೂತು ಕೈ ಹಿಡಿದೆ. ಕೈ ತಣ್ಣಗಿತ್ತು.

“ಏನೂ ಆಗಂಗಿಲ್ಲಪ್ಪ. ನಾ ಹೇಳ್ತೀನಿ.”

“ಖರೇನ?”

“ಖರೇನ.”

ನನ್ನ ಭುಜಕ್ಕೆ ಭಾರ ಕೊಟ್ಟು ಎದ್ದರು. ಕಾರು ಹರಪನಹಳ್ಳಿ ದಾರಿ ಹಿಡಿದಾಗ, ಉಸಿರು ಎಳೆದುಕೊಳ್ಳುತ್ತ ಡ್ರೈವರನಿಗೆ ಹೇಳುತ್ತಿದ್ದರು: “ಏನೂ ಆಗಂಗಿಲ್ಲಂತ ನೋಡಪಾ. ನನ್ನ ಮಗಳು ಹೇಳ್ಯಾಳ. ಆಕಿ ಗಣಿತದ ಮೇಡಂ, ಸುಳ್ಳು ಹೇಳಂಗಿಲ್ಲ.”

ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ.