ಎರಡು ಮನೆಯ ಪಟ್ಟಿಯಲ್ಲೂ ಇಲ್ಲದವಳನ್ನು ಕರೆತಂದದ್ದು

ಮೊಮ್ಮಗಳಿಗೆ ರೊಟ್ಟಿ ಬಡಿಯಲು ಹೇಳಿ, ಬೆಳಿಗ್ಗೆ ಮೊದಲ ಬಸ್ಸಿಗೆ ಕಾನಹೊಸಹಳ್ಳಿ ಬಿಟ್ಟೆ. ಕೊಟ್ಟೂರಿಗೆ ಟಿಕೆಟು ಏಳು ರೂಪಾಯಿ. ಸೀಟು ಸಿಗಲಿಲ್ಲ; ಯಾರದೋ ಶೇಂಗಾ ಚೀಲದ ಮೇಲೆ ಕೂತೆ. ಚೀಲದವನು ಗೊಣಗಿದ, ನಾನು ಏಳಲಿಲ್ಲ.

ಹೊರಟದ್ದು ನನ್ನದೇ ತಪ್ಪು ತಿದ್ದಲು. ಹಿಂದಿನ ತಿಂಗಳು ಮನಸ್ಸಿನ ಕಾಯಿಲೆಯ ಸಂಶೋಧನೆಯವರು ಈ ಕಡೆಯ ಹಳ್ಳಿಗಳಲ್ಲಿ ಮನೆಮನೆಗೆ ಬಂದಿದ್ದರು. ಕಾಯಿಲೆಯವರ ಪಟ್ಟಿ ಮಾಡಿ, ಊರಲ್ಲೇ ಮಾತ್ರೆ ಕೊಟ್ಟು, ಮನೆಗೇ ಬಂದು ವಿಚಾರಿಸುತ್ತಿದ್ದರೆ ಎಷ್ಟು ಗುಣವಾಗುತ್ತದೆ ಎಂದು ನೋಡುವುದು ಅವರ ಕೆಲಸ. ಪಟ್ಟಿ ಬರೆಯುವ ರೆಹಾನಾ ಕೊಟ್ಟೂರಿನ ಹುಡುಗಿ. ಒಬ್ಬರೇ ಮಾತಾಡುವವರು, ನಿದ್ದೆಗೆಟ್ಟವರು ಮನೆಯಲ್ಲಿ ಇದ್ದಾರೆಯೇ ಎಂದು ಕೇಳಿದಳು. ಇಲ್ಲ ಎಂದೆ. ಮಗಳು ಕೊಟ್ರಮ್ಮನಿಗೆ ಎರಡು ವರ್ಷದಿಂದ ತಲೆ ಸರಿಯಿಲ್ಲ. ಆದರೆ ಅವಳನ್ನು ಕೊಟ್ಟೂರಿನ ಆಚೆಯ ಹಳ್ಳಿ ಅರಸೀಕೆರೆಗೆ ಕೊಟ್ಟಿದೆ. ಕೊಟ್ಟ ಹೆಣ್ಣನ್ನು ನಾವು ನಮ್ಮ ಮನೆಯ ತಲೆಯೆಂದು ಎಣಿಸುವುದಿಲ್ಲ. ಅಲ್ಲಿ ಅದೇ ಪ್ರಶ್ನೆಗೆ ನನ್ನ ಬೀಗತಿ, ಸೊಸೆ ತವರಿಗೆ ಹೋಗಿದ್ದಾಳೆ ಎಂದಳಂತೆ. ತವರಿಗೆ ಬಂದ ಮಗಳನ್ನು ನೋಡಬೇಕೆಂದು ರೆಹಾನಾ ಮತ್ತೆ ನಮ್ಮ ಬಾಗಿಲಿಗೆ ಬಂದಾಗಲೇ ಇದು ಗೊತ್ತಾದದ್ದು. ಎರಡೂ ಮನೆಯವರು ಸೇರಿ ಅವಳನ್ನು ಇಲ್ಲದವಳನ್ನಾಗಿ ಮಾಡಿದ್ದೆವು. ಹೆಸರು ಬರೆಸಲು ನಾನು ಹೊರಟ ದಿನವೇ ಕಡೆ. ಮಧ್ಯಾಹ್ನ ಮೂರಕ್ಕೆ ಸಂಶೋಧನೆಯ ಡಾಕ್ಟರು ಕೊಟ್ಟೂರು ಬಿಡುತ್ತಾರೆ ಎಂದು ರೆಹಾನಾ ಹೇಳಿದ್ದಳು.

ಕೊಟ್ಟೂರಿನಲ್ಲಿ ಮಂಡಕ್ಕಿ, ಮಿರ್ಚಿ ತಿಂದು ಇನ್ನೊಂದು ಬಸ್ಸು ಹಿಡಿದೆ. ಅರಸೀಕೆರೆ ಮುಟ್ಟುವಾಗ ಬಿಸಿಲು ನೆತ್ತಿಗೆ ಬರುತ್ತಿತ್ತು. ಬೀಗತಿ ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ನೀರು ಕೊಟ್ಟಳು, ಮಗಳನ್ನು ತೋರಿಸಲಿಲ್ಲ. ನಾನೇ ಹಿತ್ತಲ ಕೋಣೆಗೆ ಹೋದೆ. ಹೊರಗಿನಿಂದ ಹಾಕಿದ್ದ ಚಿಲಕ ತೆಗೆದೆ. ಕೊಟ್ರಮ್ಮ ಗೋಡೆಗೆ ಮುಖಮಾಡಿ ಏನೋ ಹೇಳಿಕೊಳ್ಳುತ್ತಿದ್ದಳು, ಕೂದಲು ಗಂಟುಗಟ್ಟಿತ್ತು. ಅಳುತ್ತ ಕೂತರೆ ಬಸ್ಸು ತಪ್ಪುತ್ತಿತ್ತು. ಕೈಕಾಲು ತೊಳೆಸಿ, ನಾನು ತಂದಿದ್ದ ಸೀರೆ ಉಡಿಸಿದೆ.

ಬೀಗತಿ ಬಾಗಿಲಿಗೆ ಅಡ್ಡ ನಿಂತಳು. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ, ಈ ಹೆಸರು ಕಾಗದಕ್ಕೆ ಏರಿದರೆ ಗಂಡು ಯಾರು ಬರುತ್ತಾರೆ ಎಂದಳು. ಅಳಿಯ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ.

"ನಿಮ್ಮ ಮನಿ ಹೆಸರಿಗೆ ಬರಸಂಗಿಲ್ರಿ," ಎಂದೆ. "ತವರಿಗೆ ಹೋಗ್ಯಾಳ ಅಂತ ನೀವ ಹೇಳೀರಿ. ಈಗ ಅದನ್ನ ಖರೆ ಮಾಡ್ತೀನಿ. ದಾರಿ ಬಿಡ್ರಿ."

ಅವಳು ಬಾಗಿಲಿನಿಂದ ಸರಿದಳು. ಅಳಿಯ ಬಸ್‌ಸ್ಟ್ಯಾಂಡಿನ ತನಕ ಅವಳ ಬಟ್ಟೆಯ ಗಂಟು ಹೊತ್ತು ತಂದ. ನೀನೂ ಹತ್ತು ಎಂದರೆ ಹತ್ತಲಿಲ್ಲ.

ಬಸ್ಸಿನಲ್ಲಿ ಕೊಟ್ರಮ್ಮ ಎರಡು ಸಲ ಇಳಿಯಲು ಎದ್ದಳು. ಸೊಂಟ ಹಿಡಿದು ಕೂರಿಸಿದೆ. ಪಕ್ಕದ ಮುದುಕ ಯಾವುದೋ ಮಠದಲ್ಲಿ ತಾಯಿತ ಕಟ್ಟಿಸು ಎಂದ.

"ಎರಡೂ ಕೈಗೆ ಕಟ್ಟಿಸೈತಿ ಯಜಮಾನ್ರ. ಸ್ವಲ್ಪ ಸರೀರಿ, ಆಕಿ ಕಾಲು ಚಾಚಲಿ."

ಡಾಕ್ಟರು ಕೂತಿದ್ದ ಕೊಟ್ಟೂರಿನ ಶಾಲೆಯ ಕೋಣೆ ಮುಟ್ಟಿದಾಗ ಮೂರಕ್ಕೆ ಇಪ್ಪತ್ತು ನಿಮಿಷ ಇತ್ತು. ರೆಹಾನಾ ಫಾರಂ ತೆಗೆದಳು, ಪೆನ್ನು ಅಲ್ಲೇ ನಿಂತಿತು. ಹಿಂದಿನ ಆರು ತಿಂಗಳು ಎಲ್ಲಿ ವಾಸವಿದ್ದಳೋ ಆ ಮನೆಯ ನಂಬರು ಹಾಕಬೇಕಂತೆ. ಆ ಮನೆಯವರು ಇಲ್ಲ ಎಂದಿದ್ದಾರೆ, ನನ್ನಲ್ಲಿ ಅವಳು ಒಂದು ದಿನವೂ ಇರಲಿಲ್ಲ.

"ಮನಿ ನಂಬರಿಲ್ಲಂದ್ರ ಕಾಯಿಲಿ ಇಲ್ಲಂತ ಆಗತೈತೇನವ್ವ?" ಎಂದು ಕೇಳಿದೆ.

ಡಾಕ್ಟರು ತಲೆ ಎತ್ತಿದರು. ತಾಯಿಯ ಮನೆಯ ನಂಬರಿಗೇ ಬರೆ, ಆದದ್ದನ್ನು ಕೆಳಗೆ ಬರೆ ಎಂದು ರೆಹಾನಾಗೆ ಹೇಳಿದರು. ಹೀಗೆ ಇನ್ನೆಷ್ಟು ಜನ ತಪ್ಪಿದ್ದಾರೋ, ಪಟ್ಟಿ ಮುಚ್ಚುವುದು ಬೇಡ, ಕೊಟ್ಟ ಹೆಣ್ಣುಮಕ್ಕಳನ್ನು ಎಲ್ಲ ಮನೆಯಲ್ಲೂ ಮತ್ತೆ ಕೇಳಿ ಬಾ ಎಂದೂ ಹೇಳಿದರು. ಆಮೇಲೆ ಒಪ್ಪಿಗೆಯನ್ನು ನನ್ನನ್ನು ಕೇಳದೆ ಕೊಟ್ರಮ್ಮನನ್ನೇ ಕೇಳಿದರು. ಅವಳು ಬಹಳ ಹೊತ್ತು ಗೋಡೆ ನೋಡಿದಳು. ಅವರು ಗಡಿಯಾರ ನೋಡದೆ ಕಾದರು. ಕೊನೆಗೆ ಅವಳೇ ಹೆಬ್ಬೆರಳು ಮುಂದೆ ಮಾಡಿದಳು.

ಗುಣವಾಗುತ್ತದಾ ಎಂದೆ. ತಿಂಗಳುಗಟ್ಟಲೆ ಮಾತ್ರೆ ನುಂಗಬೇಕು, ಗುಣವಾದರೆ ಅದನ್ನು ಬರೆಯುತ್ತೇವೆ, ಆಗದಿದ್ದರೆ ಅದನ್ನೂ ಬರೆಯುತ್ತೇವೆ ಎಂದರು. ಸುಳ್ಳು ಹೇಳದ ಮನುಷ್ಯ ಎನಿಸಿತು.

ಸಂಜೆ ಕಾನಹೊಸಹಳ್ಳಿಯಲ್ಲಿ ಇಳಿದಾಗ ನಮ್ಮ ಓಣಿಯ ಹಂಪವ್ವ ಎದುರಾದಳು. ಮಗಳನ್ನು ಹಬ್ಬಕ್ಕೆ ಕರೆತಂದೆಯಾ ಎಂದು ಕೇಳಿದಳು. ಅಲ್ಲ, ತಲೆ ಕೆಟ್ಟಿದೆ, ಮಾತ್ರೆ ನುಂಗಿಸಲು ತಂದಿದ್ದೇನೆ ಎಂದೆ, ಇಳಿದವರಿಗೆಲ್ಲ ಕೇಳುವಂತೆ. ಹಂಪವ್ವ ಕೊಟ್ರಮ್ಮನ ಇನ್ನೊಂದು ತೋಳು ಹಿಡಿದು ನಡೆದಳು. ನಮ್ಮ ಬಾಗಿಲ ಹತ್ತಿರ ದನಿ ತಗ್ಗಿಸಿ ಕೇಳಿದಳು:

"ಹಡಗಲಿಗೆ ಕೊಟ್ಟ ನನ್ನ ಮಗಳನ್ನೂ ಬರಕಂತಾರೇನ ಅವರು?"

"ಬರಕಂತಾರ," ಎಂದೆ. "ಯಾವತ್ತು ಹೋಗಾನ, ಹೇಳು."